ಗ್ರೀಕ್ ದ್ವೀಪಗಳಿಗೆ ಹೋಗುವುದು ಹೇಗೆ? ಎರಡು ದ್ವೀಪ, ಒಂದೇ ಹಡಗಿನ ದಾರಿ

“10 ದಿನ ರಜೆ ಸಿಕ್ಕಿದೆ. ಸ್ಯಾಂಟೊರಿನಿ, ಮಿಕೊನೊಸ್, ಕ್ರೀಟ್, ಕೊರ್ಫು ಎಲ್ಲ ನೋಡಬೇಕು. ಹೇಗೆ ಹೋಗೋದು?” ಗ್ರೀಸ್ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ. ಅದರ ಹಿಂದೆಯೇ ಇನ್ನೊಂದು ಬರುತ್ತದೆ: “ಗದ್ದಲ ಇಲ್ಲದ ಬೀಚೂ ಬೇಕು, ಸಂಜೆ ಸುತ್ತಾಡೋಕೆ ಜನ ಇರೋ ಊರೂ ಬೇಕು. ಎರಡೂ ಸಿಗುತ್ತಾ?”

ಎರಡೂ ಸಿಗುತ್ತವೆ. ಆದರೆ ನಾಲ್ಕು ದ್ವೀಪ ಬೇಡ. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವ ದಿನ ಏನಾಗುತ್ತದೆ ನೋಡಿ. ಬೆಳಗ್ಗೆ ರೂಮು ಖಾಲಿ ಮಾಡಬೇಕು, ಬಂದರಿನಲ್ಲಿ ಕಾಯಬೇಕು, ಹಡಗಿನಲ್ಲಿ ಕೂರಬೇಕು, ಹೊಸ ಊರಲ್ಲಿ ರೂಮು ಹುಡುಕಬೇಕು. ಅಷ್ಟರಲ್ಲಿ ಮುಕ್ಕಾಲು ದಿನ ಕಳೆದಿರುತ್ತದೆ. 10 ದಿನದಲ್ಲಿ ಮೂರು ಸಲ ಹೀಗಾದರೆ ಸಮುದ್ರದಲ್ಲಿ ಇಳಿಯಲು ಪುರುಸೊತ್ತು ಎಲ್ಲಿ? ಒಂದು ಸದ್ದಿಲ್ಲದ ದ್ವೀಪ, ಒಂದು ಜನರ ಓಡಾಟ ಇರುವ ದ್ವೀಪ, ಎರಡೂ ಒಂದೇ ಹಡಗಿನ ದಾರಿಯಲ್ಲಿ ಇರಬೇಕು. ಈ ಲೇಖನ ಪೂರ್ತಿ ಇದರ ಮೇಲೆಯೇ ನಿಂತಿದೆ.

1. ದ್ವೀಪ ಆರಿಸಿ

ಗ್ರೀಸ್‌ಗೆ ಸಾವಿರಾರು ದ್ವೀಪಗಳಿವೆ. ಜನ ವಾಸ ಇರುವುದು ಸುಮಾರು 227ರಲ್ಲಿ. ಇವು ಗುಂಪು ಗುಂಪಾಗಿವೆ. ಕೊರ್ಫು ಇರುವುದು ಪಶ್ಚಿಮದ ಅಯೋನಿಯನ್ ಗುಂಪಿನಲ್ಲಿ. ರೋಡ್ಸ್ ಇರುವುದು ಟರ್ಕಿಗೆ ಹತ್ತಿರದ ಡೊಡೆಕನೀಸ್ ಗುಂಪಿನಲ್ಲಿ. ಬಿಳಿ ಗೋಡೆ, ನೀಲಿ ಬಾಗಿಲಿನ ಫೋಟೊಗಳೆಲ್ಲ ಹೆಚ್ಚಾಗಿ ಏಜಿಯನ್ ಸಮುದ್ರದ ನಡುವಿನ ಸೈಕ್ಲೇಡ್ಸ್ ಗುಂಪಿನವು. ಒಂದು ಪ್ರವಾಸಕ್ಕೆ ಒಂದೇ ಗುಂಪು ಇಟ್ಟುಕೊಳ್ಳಿ. ಕೊರ್ಫುವನ್ನೂ ಸ್ಯಾಂಟೊರಿನಿಯನ್ನೂ ಒಟ್ಟಿಗೆ ಸೇರಿಸುವುದು ನಕ್ಷೆ ನೋಡದೆ ಮಾಡುವ ತಪ್ಪು. ಅವು ದೇಶದ ಎರಡು ಬದಿಯ ಸಮುದ್ರಗಳಲ್ಲಿವೆ.

ಮೊದಲ ಸಲ ಹೋಗುವವರಿಗೆ ನಾನು ಸೈಕ್ಲೇಡ್ಸನ್ನೇ ಹೇಳುತ್ತೇನೆ. ಅಲ್ಲಿ ಹಡಗುಗಳು ಜಾಸ್ತಿ, ದ್ವೀಪಗಳು ಹತ್ತಿರ ಹತ್ತಿರ.

ನಾಕ್ಸೊಸ್. ಈ ಗುಂಪಿನಲ್ಲೇ ದೊಡ್ಡದು. ಮಕ್ಕಳು, ಅಪ್ಪ ಅಮ್ಮ ಜೊತೆಗಿದ್ದರೆ ಇದಕ್ಕಿಂತ ಒಳ್ಳೆಯ ದ್ವೀಪ ನನಗೆ ಗೊತ್ತಿಲ್ಲ. ಹಡಗು ಬಂದರಿಗೆ ಬರುವಾಗಲೇ ಒಂದು ದೊಡ್ಡ ಅಮೃತಶಿಲೆಯ ಬಾಗಿಲು ಕಾಣುತ್ತದೆ. ಹೆಸರು ಪೊರ್ಟಾರ. ಕ್ರಿ.ಪೂ. 530ರ ಸುಮಾರಿಗೆ ಕಟ್ಟಲು ಶುರು ಮಾಡಿ ಮುಗಿಸದೇ ಬಿಟ್ಟ ದೇವಸ್ಥಾನದ ಬಾಗಿಲು ಅದು. ಸಂಜೆ ಊರಿನವರೂ ಅಲ್ಲಿಗೆ ಸೂರ್ಯಾಸ್ತ ನೋಡಲು ಬರುತ್ತಾರೆ. ಟಿಕೆಟ್ ಇಲ್ಲ. ಊರಿನೊಳಗೆ ವೆನಿಸ್‌ನವರು ಕಟ್ಟಿದ ಕೋಟೆ ಇದೆ, ಅದರ ಸುತ್ತ ಸಂದಿಗೊಂದಿಗಳು. ರಾತ್ರಿ 11 ಗಂಟೆಗೂ ಬಂದರಿನ ಬದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ದಕ್ಷಿಣಕ್ಕೆ ಬಸ್ಸು ಹತ್ತಿದರೆ ಅಯಿಯೊಸ್ ಪ್ರೊಕೊಪಿಯೊಸ್, ಅಯಿಯಾ ಆನ್ನಾ, ಪ್ಲಾಕಾ ಎಂಬ ಬೀಚುಗಳು ಒಂದರ ಪಕ್ಕ ಒಂದು. ಪ್ಲಾಕಾದ ಕೊನೆಯವರೆಗೆ ನಡೆದರೆ ಜನ ತೆಳುವಾಗುತ್ತಾರೆ. ಗುಡ್ಡದ ಮೇಲೆ ಹಲ್ಕಿ, ಅಪಿರಾಂಥೊಸ್ ಎಂಬ ಹಳ್ಳಿಗಳಿವೆ. ಅಪಿರಾಂಥೊಸ್‌ನಲ್ಲಿ ಓಣಿಗಳಿಗೂ ಅಮೃತಶಿಲೆ ಹಾಸಿದ್ದಾರೆ.

ಪಾರೊಸ್. ಸಂಜೆಯ ಓಡಾಟ, ಅಂಗಡಿ, ಸಂಗೀತ ಬೇಕೆನ್ನುವವರಿಗೆ. ಉತ್ತರದ ನವೂಸಾ ಎಂಬ ಊರು ಹಳೆಯ ಮೀನುಗಾರರ ಬಂದರು. ಈಗ ದೋಣಿಗಳ ಪಕ್ಕದಲ್ಲೇ ಊಟದ ಮೇಜುಗಳಿವೆ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜೂನ್‌ನಲ್ಲಿ ಹಿತವಾಗಿರುತ್ತದೆ. ನಡೆಯುವವರು ಲೆಫ್ಕೆಸ್ ಎಂಬ ಬೆಟ್ಟದ ಹಳ್ಳಿಯಿಂದ ಪ್ರೊದ್ರೊಮೊಸ್‌ವರೆಗೆ ಇರುವ ಹಳೆಯ ಕಲ್ಲುದಾರಿಯಲ್ಲಿ ಇಳಿಯಿರಿ. ಸುಮಾರು ಒಂದೂವರೆ ಗಂಟೆ.

ಕುಫೊನಿಸಿ. ಇದು ನನ್ನ ಸದ್ದಿಲ್ಲದ ದ್ವೀಪ. ಇರುವುದು ಒಂದೇ ಹಳ್ಳಿ, ಊರಿನವರು ಕೆಲವು ನೂರು ಜನ. ಕಾರು ಬೇಕಿಲ್ಲ, ಸ್ಕೂಟರೂ ಬೇಕಿಲ್ಲ. ಹಳ್ಳಿಯಿಂದ ಕಡಲ ಅಂಚು ಹಿಡಿದು ನಡೆದರೆ ಫಿನಿಕಾಸ್, ಫಾನೊಸ್, ಇಟಾಲಿದ ಎಂದು ಒಂದಾದ ಮೇಲೊಂದು ಬೀಚು ಸಿಗುತ್ತದೆ. ಕೊನೆಗೆ ಪೊರಿ ಎಂಬ ದೊಡ್ಡ ಕೊಲ್ಲಿ. ನಿಧಾನವಾಗಿ ಹೋದರೂ ಒಂದು ಗಂಟೆ ಸಾಕು. ಸೊಂಟದ ಮಟ್ಟದ ನೀರಿನಲ್ಲಿ ನಿಂತರೂ ಕಾಲ್ಬೆರಳು ಎಣಿಸಬಹುದು. ಆದರೆ ಆಗಸ್ಟ್‌ನಲ್ಲಿ ಇಲ್ಲಿಯೂ ಜನ ತುಂಬುತ್ತಾರೆ.

ಸ್ಯಾಂಟೊರಿನಿ ಬಿಡೋದಾ? ಆಸೆ ಇದ್ದರೆ ಬಿಡಬೇಡಿ. ಜ್ವಾಲಾಮುಖಿ ಸಿಡಿದು ಕುಸಿದ ಗುಂಡಿಗೆ ಕಡಲು ನುಗ್ಗಿ ಆದ ಜಾಗ ಅದು. ಈ ಗುಂಡಿಗೆ ಕ್ಯಾಲ್ಡೆರಾ ಎನ್ನುತ್ತಾರೆ. ಅದರ ಅಂಚಿನಲ್ಲಿ ನಿಂತು ನೋಡುವುದು ಬೇರೆಲ್ಲೂ ಸಿಗುವುದಿಲ್ಲ. ಎರಡು ರಾತ್ರಿ ಸಾಕು. ಫಿರಾದಿಂದ ಇಯಾವರೆಗೆ ಅಂಚಿನ ಮೇಲೇ ಸುಮಾರು 10 ಕಿಲೋಮೀಟರ್ ಕಾಲುದಾರಿ ಇದೆ. ಬೆಳಗ್ಗೆ ಬೇಗ ಹೊರಡಿ, ದಾರಿಯಲ್ಲಿ ನೆರಳಿಲ್ಲ. ಸುಮಾರು 3600 ವರ್ಷದ ಹಿಂದೆ ಬೂದಿಯಲ್ಲಿ ಹೂತುಹೋದ ಅಕ್ರೊತಿರಿ ಪಟ್ಟಣವನ್ನು ತಪ್ಪದೇ ನೋಡಿ. ಆದರೆ ಬೀಚಿಗಾಗಿ ಸ್ಯಾಂಟೊರಿನಿಗೆ ಹೋಗಬೇಡಿ. ಅಲ್ಲಿನ ಕಪ್ಪು ಮರಳು ಮಧ್ಯಾಹ್ನ ಕಾದ ಹೆಂಚಿನ ಹಾಗಿರುತ್ತದೆ.

10 ದಿನಕ್ಕೆ ನನ್ನ ಲೆಕ್ಕ ಹೀಗೆ: ಮೊದಲ ರಾತ್ರಿ ಅಥೆನ್ಸ್, 3 ರಾತ್ರಿ ಕುಫೊನಿಸಿ, 4 ರಾತ್ರಿ ನಾಕ್ಸೊಸ್ ಅಥವಾ ಪಾರೊಸ್, ಕೊನೆಯ ರಾತ್ರಿ ಮತ್ತೆ ಅಥೆನ್ಸ್. ದೂರದ್ದು ಮೊದಲು, ಹತ್ತಿರದ್ದು ಕೊನೆಗೆ. ಯಾಕೆ ಅಂತ ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

2. ತಿಂಗಳು ನಿರ್ಧರಿಸಿ

ಜೂನ್ ಅಥವಾ ಸೆಪ್ಟೆಂಬರ್. ಮಕ್ಕಳ ಶಾಲೆ ಕಾರಣಕ್ಕೆ ಮೇ ತಿಂಗಳೇ ಆಗಬೇಕು ಎನ್ನುವವರು ಬಹಳ. ಮೇ ಚೆನ್ನಾಗಿರುತ್ತದೆ, ಗುಡ್ಡಗಳೆಲ್ಲ ಹಸಿರು, ಹೂವು. ಆದರೆ ನೀರು ತಣ್ಣಗೆ, 20 ಡಿಗ್ರಿ ಆಸುಪಾಸು. ಮಲ್ಪೆ, ಗೋಕರ್ಣದ ಬೆಚ್ಚನೆ ನೀರಿಗೆ ಒಗ್ಗಿದ ಮೈಗೆ ಅದು ನಡುಕ ತರಿಸುತ್ತದೆ. ಸೆಪ್ಟೆಂಬರ್‌ನಲ್ಲಿ ಬೇಸಿಗೆ ಪೂರ್ತಿ ಕಾದ ನೀರು ಇರುತ್ತದೆ, ಜನ ಕಡಿಮೆಯಾಗಿರುತ್ತಾರೆ.

ಆಗಸ್ಟ್ 15ರ ಆಚೀಚೆ ಬೇಡ. ಅದು ಮೇರಿ ಮಾತೆಯ ದೊಡ್ಡ ಹಬ್ಬ. ಅಥೆನ್ಸ್‌ನವರೆಲ್ಲ ತಮ್ಮ ದ್ವೀಪಗಳಿಗೆ ಹೋಗುತ್ತಾರೆ. ಹಡಗೂ ಸಿಗುವುದಿಲ್ಲ, ರೂಮೂ ಸಿಗುವುದಿಲ್ಲ. ಅಕ್ಟೋಬರ್ ಕೊನೆಯಿಂದ ಸಣ್ಣ ದ್ವೀಪಗಳಲ್ಲಿ ಹೋಟೆಲ್‌ಗಳು ಬಾಗಿಲು ಹಾಕುತ್ತವೆ.

3. ವೀಸಾ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಯುರೋಪಿನ 29 ದೇಶಗಳಿಗೆ ಸೇರಿ ಇರುವ ಒಂದೇ ವೀಸಾ ಇದು. 180 ದಿನದಲ್ಲಿ 90 ದಿನದವರೆಗೆ ಇರಬಹುದು. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 11 ವರ್ಷದವರಿಗೆ 45 ಯೂರೊ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ.

ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ, ಆದರೆ ಅಷ್ಟು ಹತ್ತಿರಕ್ಕೆ ಬಿಡಬೇಡಿ. ಬೇಸಿಗೆಯಲ್ಲಿ ಬೆರಳಚ್ಚು ಕೊಡುವ ದಿನ ಸಿಗುವುದೇ ಕಷ್ಟ. ಎರಡೂವರೆ ಮೂರು ತಿಂಗಳು ಇರುವಾಗಲೇ ಶುರು ಮಾಡಿ.

ಜನ ಎಡವುವುದು ಮೂರು ಕಡೆ. ಪಾಸ್‌ಪೋರ್ಟ್ ನೀವು ವಾಪಸ್ ಬರುವ ದಿನದ ನಂತರವೂ 3 ತಿಂಗಳು ಚಾಲ್ತಿಯಲ್ಲಿರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೊಗೆ ಇರಬೇಕು, ಹೊರಡುವ ದಿನವೂ ಬರುವ ದಿನವೂ ಅದರೊಳಗೆ ಸೇರಬೇಕು. ಮೂರನೆಯದು, ಎಲ್ಲಿ ಹೆಚ್ಚು ರಾತ್ರಿ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಇಟಲಿ ಸೇರಿಸಿ ಅಲ್ಲಿ 6 ರಾತ್ರಿ, ಗ್ರೀಸ್‌ನಲ್ಲಿ 4 ರಾತ್ರಿ ಇಟ್ಟುಕೊಂಡರೆ ಅರ್ಜಿ ಇಟಲಿಗೆ ಹೋಗಬೇಕು.

ವೀಸಾ ಕೈಗೆ ಬರುವವರೆಗೆ, ರದ್ದು ಮಾಡಿದರೆ ಹಣ ಪೂರ್ತಿ ವಾಪಸ್ ಕೊಡುವ ರೂಮುಗಳನ್ನೇ ಹಿಡಿಯಿರಿ.

4. ಫೆರಿ ಟಿಕೆಟ್ ಮತ್ತು ಗಾಳಿ

ಫೆರಿ ಅಂದರೆ ಜನ, ಕಾರು, ಲಾರಿ ಎಲ್ಲ ಹೊತ್ತು ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗು. ನಮ್ಮ ಊರಿನ ರೂಟ್ ಬಸ್ಸಿನ ಹಾಗೆ. ಇದರಲ್ಲಿ ಎರಡು ಬಗೆ.

ಒಂದು ದೊಡ್ಡ ಸಾಮಾನ್ಯ ಫೆರಿ. ಬ್ಲೂ ಸ್ಟಾರ್ ಕಂಪನಿಯದು ಹೆಚ್ಚು ಓಡುತ್ತದೆ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ಪಾರೊಸ್‌ಗೆ ನಾಲ್ಕು, ನಾಲ್ಕೂವರೆ ಗಂಟೆ, ನಾಕ್ಸೊಸ್‌ಗೆ ಐದೂವರೆ, ಸ್ಯಾಂಟೊರಿನಿಗೆ ಏಳೂವರೆ ಎಂಟು ಗಂಟೆ. ಮೇಲಿನ ಡೆಕ್‌ನಲ್ಲಿ ಕೂತು ದ್ವೀಪಗಳು ಒಂದೊಂದೇ ಹಿಂದೆ ಸರಿಯುವುದನ್ನು ನೋಡಬಹುದು.

ಇನ್ನೊಂದು ವೇಗದ ಫೆರಿ. ಹೆಚ್ಚಿನವು ಕ್ಯಾಟಮರಾನ್, ಅಂದರೆ ಎರಡು ತಳ ಇರುವ ಹಗುರ ಹಡಗು. ಸಮಯ ಉಳಿಯುತ್ತದೆ, ದರ ಜಾಸ್ತಿ, ಮುಚ್ಚಿದ ಹಾಲ್‌ನಲ್ಲೇ ಕೂರಬೇಕು. ಅಲೆ ಎದ್ದರೆ ಹೊಟ್ಟೆ ತೊಳಸುತ್ತದೆ. ಆಯ್ಕೆ ಇದ್ದರೆ ದೊಡ್ಡ ಫೆರಿಯನ್ನೇ ಹತ್ತಿ.

ಈಗ ಗಾಳಿಯ ವಿಷಯ. ಹೆಚ್ಚಿನ ಪ್ರವಾಸಗಳು ಕೆಡುವುದು ಇಲ್ಲಿ. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಮೇಲೆ ಉತ್ತರದಿಂದ ಒಣ ಗಾಳಿ ಬೀಸುತ್ತದೆ. ಅದರ ಹೆಸರು ಮೆಲ್ಟೆಮಿ. ಆಕಾಶ ನೀಲಿಯಾಗಿಯೇ ಇರುತ್ತದೆ, ಬಿಸಿಲು ಹೊಡೆಯುತ್ತಿರುತ್ತದೆ, ಆದರೆ ಹಡಗು ಹೊರಡುವುದಿಲ್ಲ. ನಮಗೆ ಮಳೆಯೇ ಇಲ್ಲದ ಬಿರುಗಾಳಿ ಹೊಸದು ಅಲ್ವಾ, ಅದಕ್ಕೇ ನಂಬಲು ಕಷ್ಟ. ಅಲ್ಲಿ ಗಾಳಿಯನ್ನು ಬೋಫರ್ಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 8 ಬೋಫರ್ಟ್ ಅಂದರೆ ಗಂಟೆಗೆ 62ರಿಂದ 74 ಕಿಲೋಮೀಟರ್ ವೇಗ. ಆ ಮಟ್ಟಕ್ಕೆ ಬಂದರೆ ಬಂದರಿನ ಅಧಿಕಾರಿಗಳು ಹಡಗುಗಳನ್ನು ತಡೆಯುತ್ತಾರೆ. ವೇಗದ ಫೆರಿ, ಸಣ್ಣ ಫೆರಿಗಳು ಅದಕ್ಕೂ ಮೊದಲೇ ನಿಲ್ಲುತ್ತವೆ.

ದೂರದ ಸಣ್ಣ ದ್ವೀಪಕ್ಕೆ ಮೊದಲು ಹೋಗಿ ಎಂದು ಹೇಳಿದ್ದು ಇದಕ್ಕೇ. ಅಲ್ಲಿ ಒಂದು ದಿನ ಸಿಕ್ಕಿಹಾಕಿಕೊಂಡರೂ ವಿಮಾನಕ್ಕೆ ಇನ್ನೂ ಐದಾರು ದಿನ ಇರುತ್ತದೆ. ಕೊನೆಯಲ್ಲಿ ಪಾರೊಸ್, ನಾಕ್ಸೊಸ್‌ನಂಥ ದೊಡ್ಡ ಬಂದರಿನಲ್ಲಿದ್ದರೆ ಗಾಳಿ ಇಳಿದ ಕೂಡಲೇ ಯಾವುದಾದರೂ ಹಡಗು ಸಿಗುತ್ತದೆ. ಹಡಗು ರದ್ದಾದರೆ ಹಣ ವಾಪಸ್ ಕೇಳಬಹುದು, ಇಲ್ಲವೇ ಮುಂದಿನ ಹಡಗಿಗೆ ಟಿಕೆಟ್ ಬದಲಿಸಿಕೊಳ್ಳಬಹುದು. ಆದರೆ ತಪ್ಪಿದ ವಿಮಾನಕ್ಕೆ ಹಡಗಿನ ಕಂಪನಿ ಹೊಣೆಯಾಗುವುದಿಲ್ಲ ಎಂದೇ ತಿಳಿದು ಯೋಜನೆ ಹಾಕಿ.

ಕುಫೊನಿಸಿಗೆ ಕೆಲವು ದಿನ ಪಿರೇಯಸ್‌ನಿಂದಲೇ ಹಡಗಿದೆ. ಇಲ್ಲದ ದಿನ ನಾಕ್ಸೊಸ್‌ನಲ್ಲಿ ಇಳಿದು ಎಕ್ಸ್‌ಪ್ರೆಸ್ ಸ್ಕೊಪೆಲಿಟಿಸ್ ಎಂಬ ಸಣ್ಣ ಹಡಗು ಹತ್ತಬೇಕು. ಸುತ್ತಲಿನ ಪುಟ್ಟ ದ್ವೀಪಗಳಿಗೆ ತರಕಾರಿ, ದಿನಸಿ, ಜನ ಎಲ್ಲ ಸಾಗಿಸುವುದು ಅದೇ. ಸಾಮಾನ್ಯವಾಗಿ ಭಾನುವಾರ ಓಡುವುದಿಲ್ಲ, ನೋಡಿಕೊಂಡು ದಿನ ಇಟ್ಟುಕೊಳ್ಳಿ.

ಟಿಕೆಟ್ ತೆಗೆಯುವಾಗ ಎರಡು ಹೆಸರುಗಳ ಬಗ್ಗೆ ಎಚ್ಚರ. ವೇಳಾಪಟ್ಟಿಯಲ್ಲಿ ಸ್ಯಾಂಟೊರಿನಿಯನ್ನು “ಥೀರಾ” ಎಂದು ಬರೆದಿರಬಹುದು. ಎರಡೂ ಒಂದೇ. ಅಮೊರ್ಗೊಸ್ ದ್ವೀಪಕ್ಕೆ ಕಟಾಪೊಲಾ, ಎಯಿಯಾಲಿ ಎಂಬ ಎರಡು ಬಂದರುಗಳಿವೆ. ರೂಮು ಒಂದು ಕಡೆ, ಹಡಗು ಇನ್ನೊಂದು ಕಡೆ ಆದರೆ ರಾತ್ರಿ ಗುಡ್ಡದ ದಾರಿಯಲ್ಲಿ ಟ್ಯಾಕ್ಸಿಗೆ ದುಡ್ಡು ಸುರಿಯಬೇಕು.

5. ಪಿರೇಯಸ್ ಬಂದರಿನಲ್ಲಿ

ಬೆಂಗಳೂರಿನಿಂದ ದೋಹಾ ಅಥವಾ ದುಬೈ ಮೂಲಕ ಅಥೆನ್ಸ್‌ಗೆ ಬರಬಹುದು. ವಿಮಾನ ನಿಲ್ದಾಣದಿಂದ ಪಿರೇಯಸ್‌ಗೆ ನೀಲಿ ಮೆಟ್ರೊ ನೇರ ಹೋಗುತ್ತದೆ, ಸುಮಾರು ಒಂದು ಗಂಟೆ. ರಾತ್ರಿ ಹೊತ್ತು ಇಳಿದರೆ ಎಕ್ಸ್ 96 ಬಸ್ಸು ಇದೆ, ಅದು 24 ಗಂಟೆಯೂ ಓಡುತ್ತದೆ. ಬೆಳಗಿನ ದೊಡ್ಡ ಫೆರಿಗಳು ಏಳೂವರೆ ಸುಮಾರಿಗೇ ಹೊರಡುವುದರಿಂದ ಮೊದಲ ರಾತ್ರಿ ಪಿರೇಯಸ್‌ನಲ್ಲೇ ಮಲಗುವುದು ಒಳ್ಳೆಯದು.

ಬಂದರು ತುಂಬಾ ದೊಡ್ಡದು. ಇ1ರಿಂದ ಇ12ರವರೆಗೆ ಗೇಟುಗಳಿವೆ. ಸೈಕ್ಲೇಡ್ಸ್ ಹಡಗುಗಳು ಹೆಚ್ಚಾಗಿ ಮೆಟ್ರೊ ನಿಲ್ದಾಣದ ಎದುರಿನ ಇ6, ಇ7ರಲ್ಲಿ ನಿಲ್ಲುತ್ತವೆ. ಆದರೂ ಟಿಕೆಟ್‌ನಲ್ಲಿರುವ ಗೇಟು ನೋಡಿಯೇ ಹೊರಡಿ. ಇ1 ಗೇಟು ಅಲ್ಲಿಂದ ಒಂದೂವರೆ ಕಿಲೋಮೀಟರ್‌ಗೂ ದೂರ, ಸೂಟ್‌ಕೇಸ್ ಎಳೆದುಕೊಂಡು ಓಡಲು ಆಗುವುದಿಲ್ಲ. 45 ನಿಮಿಷ ಮೊದಲೇ ತಲುಪಿ.

ಹಡಗಿನ ಹಿಂಭಾಗದಿಂದ ಹತ್ತಬೇಕು. ಕೆಳಗೆ ದ್ವೀಪಗಳ ಹೆಸರು ಬರೆದ ಸಾಮಾನಿನ ಕಪಾಟುಗಳಿರುತ್ತವೆ. ನಿಮ್ಮ ದ್ವೀಪದ ಕಪಾಟಿನಲ್ಲೇ ಪೆಟ್ಟಿಗೆ ಇಡಿ. ಪಾಸ್‌ಪೋರ್ಟ್, ಹಣ, ಔಷಧಿ ಮೇಲೆ ತೆಗೆದುಕೊಂಡು ಹೋಗಿ. ಇಳಿಯುವಾಗ ಇನ್ನೂ ಚುರುಕಾಗಿರಬೇಕು. ಹಡಗು ಒಂದೊಂದು ದ್ವೀಪದಲ್ಲಿ ನಿಲ್ಲುವುದು ಕೆಲವೇ ನಿಮಿಷ. ಮೈಕಿನಲ್ಲಿ ದ್ವೀಪದ ಹೆಸರು ಕೇಳಿದ ಕೂಡಲೇ ಕೆಳಗಿಳಿದು ಪೆಟ್ಟಿಗೆ ಹಿಡಿದು ನಿಲ್ಲಿ. ವಯಸ್ಸಾದವರು ಜೊತೆಗಿದ್ದರೆ ಕಾಲು ಗಂಟೆ ಮೊದಲೇ ಎಬ್ಬಿಸಿ ಹೊರಡಿಸಿ.

6. ರೂಮು ಮತ್ತು ಓಡಾಟ

ಬುಕ್ ಮಾಡಿದ ಬಾಡಿಗೆಯ ಮೇಲೆ ಹೋಟೆಲ್ಲಿನಲ್ಲಿ ಇನ್ನೊಂದು ತೆರಿಗೆ ಕೇಳುತ್ತಾರೆ. ಅದು ಮೋಸ ಅಲ್ಲ, ಸರ್ಕಾರದ್ದು. ಹವಾಮಾನ ವಿಕೋಪಗಳ ಖರ್ಚಿಗೆಂದು ಹಾಕಿದ್ದಾರೆ. 2025ರಿಂದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಂದು ರೂಮಿಗೆ ಒಂದು ರಾತ್ರಿಗೆ 3 ಸ್ಟಾರ್ ಆದರೆ 5 ಯೂರೊ, 4 ಸ್ಟಾರ್‌ಗೆ 10, 5 ಸ್ಟಾರ್‌ಗೆ 15.

ಟಾಯ್ಲೆಟ್‌ನಲ್ಲಿ ಕಾಗದ ಒಳಗೆ ಹಾಕಬೇಡಿ. ಪೈಪುಗಳು ಸಣ್ಣವು, ಕಟ್ಟಿಕೊಳ್ಳುತ್ತವೆ. ಪಕ್ಕದ ಡಬ್ಬಿಯಲ್ಲಿ ಹಾಕಬೇಕು. ಸಣ್ಣ ದ್ವೀಪಗಳಲ್ಲಿ ನಲ್ಲಿ ನೀರು ಕುಡಿಯಲು ಬರುವುದಿಲ್ಲ, ಬಾಟಲಿ ನೀರೇ ಕೊಳ್ಳಿ.

ನಾಕ್ಸೊಸ್, ಪಾರೊಸ್‌ನಲ್ಲಿ ಬಸ್ಸೇ ಸಾಕು. ಹಳ್ಳಿಗಳನ್ನು ನೋಡಲು ಒಂದು ದಿನ ಕಾರು ತೆಗೆದುಕೊಳ್ಳಿ. ನಮ್ಮ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಇದನ್ನು ಹೊರಡುವ ಮೊದಲೇ ಆರ್‌ಟಿಒದಲ್ಲಿ ಮಾಡಿಸಿಕೊಳ್ಳಿ. ಅದಿಲ್ಲದೆಯೂ ಗಾಡಿ ಕೊಡುವ ಅಂಗಡಿಗಳಿರುತ್ತವೆ. ಅಪಘಾತವಾದರೆ ವಿಮೆ ಕೈಬಿಡುತ್ತದೆ, ಆಗ ಅಂಗಡಿಯವರೂ ಜೊತೆಗಿರುವುದಿಲ್ಲ. ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಬದಿಯಲ್ಲಿ. ನಾಲ್ಕು ಚಕ್ರದ ಕ್ವಾಡ್ ಬೈಕುಗಳನ್ನು ಎಲ್ಲ ಕಡೆ ಬಾಡಿಗೆಗೆ ಕೊಡುತ್ತಾರೆ. ನೋಡಲು ಸುಲಭ ಅನ್ನಿಸುತ್ತದೆ, ಆದರೆ ತಿರುವಿನಲ್ಲಿ ಮಗುಚುತ್ತವೆ. ಅಭ್ಯಾಸ ಇಲ್ಲದವರು ಅದನ್ನು ಮುಟ್ಟಲೇಬೇಡಿ.

7. ಬೀಚಿನಲ್ಲಿ

ಪ್ರತಿದಿನ ಬೆಳಗ್ಗೆ ಗಾಳಿ ಯಾವ ಕಡೆಯಿಂದ ಎಂದು ನೋಡಿ, ಆಮೇಲೆ ಬೀಚು ಆರಿಸಿ. ಮೆಲ್ಟೆಮಿ ಬೀಸುವುದು ಉತ್ತರದಿಂದ. ಹಾಗಾಗಿ ದಕ್ಷಿಣಕ್ಕೆ ಮುಖ ಮಾಡಿದ ಬೀಚುಗಳಲ್ಲಿ ನೀರು ಶಾಂತ. ಕುಫೊನಿಸಿಯ ಬೀಚುಗಳು ಗಾಳಿಯ ದಿನವೂ ಚೆನ್ನಾಗಿರಲು ಇದೇ ಕಾರಣ. ನಾಕ್ಸೊಸ್‌ನ ಮಿಕ್ರಿ ವಿಗ್ಲಾ ಗಾಳಿಪಟ ಕಟ್ಟಿಕೊಂಡು ಅಲೆಯ ಮೇಲೆ ಓಡುವವರ ಜಾಗ. ಚಿಕ್ಕ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಕಣ್ಣಿಗೆಲ್ಲ ಮರಳು.

ಮರಳಿನ ಮೇಲೆ ಸಾಲಾಗಿ ಛತ್ರಿ, ಮಲಗುವ ಕುರ್ಚಿ ಹಾಕಿರುತ್ತಾರೆ. ಕೂತರೆ ಬಾಡಿಗೆ, ಮುಂದಿನ ಸಾಲಿಗೆ ಇನ್ನೂ ಜಾಸ್ತಿ. ಕೂರುವ ಮೊದಲೇ ದರ ಕೇಳಿ. ಆದರೆ ಗ್ರೀಸ್‌ನಲ್ಲಿ ಕಡಲತೀರ ಎಲ್ಲರದು. ನಿಮ್ಮದೇ ಟವೆಲ್ ಹಾಸಿಕೊಂಡು ಕೂರಲು ಯಾರ ಅಪ್ಪಣೆಯೂ ಬೇಡ. ಈ ಕುರ್ಚಿಗಳು ತೀರ ನುಂಗುತ್ತಿವೆ ಎಂದು 2023ರಲ್ಲಿ ಪಾರೊಸ್‌ನ ಜನ ಟವೆಲ್ ಹಿಡಿದು ಬೀಚಿಗೇ ಬಂದು ಪ್ರತಿಭಟಿಸಿದರು. ಅದು ಬೇರೆ ದ್ವೀಪಗಳಿಗೂ ಹಬ್ಬಿತು. ಮುಂದಿನ ವರ್ಷ ನಿಯಮಗಳು ಬಿಗಿಯಾದವು. ಆ ಜನರ ಬಗ್ಗೆ ನನಗೆ ತುಂಬಾ ಗೌರವ.

ಕಲ್ಲುಬಂಡೆ ಇರುವ ಕಡೆ ನೀರಿನ ಚಪ್ಪಲಿ ಹಾಕಿಕೊಳ್ಳಿ. ಕಪ್ಪು ಮುಳ್ಳಿನ ಕಡಲ ಜೀವಿಗಳು ಬಂಡೆಗೆ ಅಂಟಿಕೊಂಡಿರುತ್ತವೆ. ಮುಳ್ಳು ಚುಚ್ಚಿದರೆ ಎರಡು ದಿನ ಕುಂಟಬೇಕು. ಮನೆಮಂದಿ ಜೊತೆ ಹೋಗುವವರಿಗೆ ಇನ್ನೊಂದು ಮಾತು: ಬೀಚಿನ ದೂರದ ಮೂಲೆಗಳಲ್ಲಿ ಕೆಲವರು ಬಟ್ಟೆ ಇಲ್ಲದೆ ಮಲಗಿರುತ್ತಾರೆ. ಪ್ಲಾಕಾದ ಕೊನೆಯಲ್ಲೂ ಹಾಗೆ. ಮುಜುಗರ ಆಗುವುದಾದರೆ ಅಯಿಯಾ ಆನ್ನಾ ಕಡೆ ಉಳಿಯಿರಿ.

8. ಸಸ್ಯಾಹಾರಿಗಳ ಊಟ

“ಅಲ್ಲಿ ನಮಗೆ ತಿನ್ನಲು ಏನು ಸಿಗುತ್ತೆ?” ಎಂದು ಕೇಳದವರಿಲ್ಲ. ಬೇಕಾದಷ್ಟು ಸಿಗುತ್ತದೆ, ಹೆಸರು ಗೊತ್ತಿರಬೇಕು ಅಷ್ಟೇ.

ಮೊದಲು ಫಾವಾ ಕೇಳಿ. ಹಳದಿ ಬೇಳೆಯನ್ನು ಬೇಯಿಸಿ ಅರೆದು, ಮೇಲೆ ಆಲಿವ್ ಎಣ್ಣೆ, ಈರುಳ್ಳಿ ಹಾಕಿ ಕೊಡುತ್ತಾರೆ. ಗಟ್ಟಿ ತೊವ್ವೆಯ ನೆನಪಾಗುತ್ತದೆ. ಯಿಗಾಂಟೆಸ್ ಅಂದರೆ ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ಬಿಳಿ ಬೀನ್ಸ್. ಹೊರ್ತಾ ಅಂದರೆ ಬೇಯಿಸಿದ ಸೊಪ್ಪು, ಮೇಲೆ ನಿಂಬೆ. ಬ್ರಿಯಾಮ್ ಒಲೆಯಲ್ಲಿ ಬೆಂದ ತರಕಾರಿ. ಬೇಕರಿಯಲ್ಲಿ ಸ್ಪಾನಕೊಪಿಟಾ, ಅಂದರೆ ಪಾಲಕ್ ತುಂಬಿದ ಗರಿಗರಿ ಹಾಳೆಗಳ ತಿಂಡಿ. ಬೆಳಗಿನ ಫೆರಿಗೆ ಕಟ್ಟಿಸಿಕೊಳ್ಳಲು ಅದೇ ಸರಿ, ಆದರೆ ಕೆಲವರು ಅದಕ್ಕೆ ಮೊಟ್ಟೆ ಸೇರಿಸುತ್ತಾರೆ, ಕೇಳಿ. ಸ್ಯಾಂಟೊರಿನಿಯ ಟೊಮೆಟೊ ವಡೆ ತಿನ್ನದೇ ಬರಬೇಡಿ. ನಾಕ್ಸೊಸ್‌ನ ಆಲೂಗೆಡ್ಡೆ ಇಡೀ ಗ್ರೀಸ್‌ನಲ್ಲಿ ಹೆಸರಾಗಿದ್ದು. ಅಲ್ಲಿ ಕರಿದ ಆಲೂಗೆಡ್ಡೆಯ ರುಚಿಯೇ ಬೇರೆ.

ಈಗ ಎಚ್ಚರಿಕೆ. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ದೊಲ್ಮಾದೆಸ್, ಅನ್ನ ತುಂಬಿದ ಟೊಮೆಟೊದ ಯೆಮಿಸ್ತಾ ಎರಡರಲ್ಲೂ ಕೊಚ್ಚಿದ ಮಾಂಸ ಇರಬಹುದು. “ಹೊರಿಸ್ ಕ್ರೆಯಾಸ್” ಎಂದು ಹೇಳಿ, ಮಾಂಸ ಇಲ್ಲದೆ ಎಂದರ್ಥ. ನಿಸ್ತೀಸಿಮೊ ಎಂಬ ಪದವೂ ಕಿವಿಗೆ ಬೀಳುತ್ತದೆ. ಅದು ಅವರ ಉಪವಾಸದ ಅಡುಗೆ. ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಉಪವಾಸದಲ್ಲಿ ಸಿಗಡಿ, ಆಕ್ಟೋಪಸ್ ತಿನ್ನಬಹುದು ಎನ್ನುವುದು ಅವರ ಸಂಪ್ರದಾಯ. ನಿಸ್ತೀಸಿಮೊ ಎಂದ ಮಾತ್ರಕ್ಕೆ ಸಸ್ಯಾಹಾರ ಎಂದುಕೊಳ್ಳಬೇಡಿ. ಕಟ್ಟುನಿಟ್ಟಿನವರು ಚೀಸ್ ಬಗ್ಗೆಯೂ ಕೇಳಬೇಕು. ಹಾಲು ಒಡೆಸಲು ಹಳೆಯ ಕ್ರಮದಲ್ಲಿ ಕರುವಿನ, ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ.

ಕೇಳದೆಯೇ ಬ್ರೆಡ್ ತಂದಿಟ್ಟರೆ ಅದಕ್ಕೆ ಬಿಲ್ಲಿನಲ್ಲಿ ಸ್ವಲ್ಪ ಹಣ ಸೇರಿರುತ್ತದೆ. ಬೇಡವಾದರೆ ಆಗಲೇ ಹೇಳಿ. ಕಾರ್ಡ್ ಮೆಷಿನ್ “ರೂಪಾಯಿಯಲ್ಲಾ, ಯೂರೊದಲ್ಲಾ” ಎಂದು ಕೇಳಿದರೆ ಯೂರೊ ಒತ್ತಿ. ರೂಪಾಯಿ ಒತ್ತಿದರೆ ದರ ಕೆಟ್ಟದಾಗಿರುತ್ತದೆ. ಕುಫೊನಿಸಿಯಂಥ ಕಡೆಗೆ ಸ್ವಲ್ಪ ನಗದು ಇಟ್ಟುಕೊಂಡೇ ಹೋಗಿ.

9. ವಾಪಸ್ ಬರುವಾಗ

ಹಡಗು ಇಳಿದ ದಿನವೇ ವಿಮಾನ ಹತ್ತುವ ಯೋಜನೆ ಬೇಡ. ನಡುವೆ ಒಂದು ರಾತ್ರಿ ಅಥೆನ್ಸ್‌ನಲ್ಲಿ ಇರಲೇಬೇಕು. ಹೊರಡುವ ಹಿಂದಿನ ಸಂಜೆ ರೂಮಿನ ಯಜಮಾನರನ್ನು “ನಾಳೆ ಗಾಳಿ ಹೇಗೆ?” ಎಂದು ಕೇಳಿ. ಎಷ್ಟು ಬೋಫರ್ಟ್, ಯಾವ ಹಡಗು ಹೋಗುತ್ತದೆ, ಯಾವುದು ನಿಲ್ಲುತ್ತದೆ ಎಂದು ಅವರು ಬಾಯಲ್ಲೇ ಹೇಳುತ್ತಾರೆ. ಗಾಳಿ ಏರುವ ಸೂಚನೆ ಇದ್ದರೆ ಟಿಕೆಟ್ ಅಂಗಡಿಗೆ ಹೋಗಿ ಒಂದು ದಿನ ಮೊದಲೇ ಹೊರಡುವ ಹಡಗಿಗೆ ಬದಲಿಸಿಕೊಳ್ಳಿ.

ಅಥೆನ್ಸ್‌ನಲ್ಲಿ ಗುಡ್ಡದ ಮೇಲೆ ಪುರಾತನ ದೇವಸ್ಥಾನಗಳಿರುವ ಅಕ್ರೊಪೊಲಿಸ್ ನೋಡುವುದಾದರೆ, ಅದರ ಟಿಕೆಟ್‌ನಲ್ಲಿ ಒಳಗೆ ಹೋಗುವ ಗಂಟೆಯೂ ನಮೂದಾಗಿರುತ್ತದೆ. ಹಡಗಿನಿಂದ ಇಳಿಯುವ ದಿನದ ಸಂಜೆಗೆ ಅದನ್ನು ತೆಗೆಯಬೇಡಿ, ಹಡಗು ಒಂದೆರಡು ಗಂಟೆ ತಡವಾಗುವುದು ಮಾಮೂಲು. ವಿಮಾನ ಮಧ್ಯಾಹ್ನದ ಮೇಲಿದ್ದರೆ ಮರುದಿನ ಬೆಳಗ್ಗೆ 8 ಗಂಟೆಯ ಮೊದಲ ಪ್ರವೇಶ ತೆಗೆದುಕೊಳ್ಳಿ. ಆಗ ಬಿಸಿಲೂ ಇರುವುದಿಲ್ಲ, ಸಾಲೂ ಚಿಕ್ಕದು.